ಫ್ಲಿಂಡರ್ಸ್ ಬೆಟ್ಟಸಾಲಿಗೆ ಸೆಮಿ ಆಫ್‌ರೋಡ್ ಕ್ಯಾರವಾನ್: ದೀರ್ಘ ಬಳಕೆಯ ವಿಮರ್ಶೆ

ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ರೇಂಜಸ್ ಸುತ್ತಲು ಎರಡು ಆಕ್ಸಲ್‌ನ, 18 ಅಡಿಯ ಸೆಮಿ ಆಫ್‌ರೋಡ್ (ಸಾಧಾರಣ ಕಚ್ಚಾ ರಸ್ತೆಗೂ ಒಗ್ಗುವ) ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ, ಧಾರಾಳವಾಗಿ ಸಾಕು. ಕ್ವಾರ್ನ್, ಹಾಕರ್, ವಿಲ್ಪೆನಾ, ಬ್ಲಿನ್‌ಮನ್‌ವರೆಗೂ ಡಾಂಬರು ರಸ್ತೆಯಿದೆ. ಹೆಸರಲ್ಲಿ ‘ಆಫ್‌ರೋಡ್’ ಇದೆಯೆಂದು ಬ್ರಾಚಿನಾ ಕಮರಿಯ ಹಳ್ಳದ ಕಲ್ಲುಗಳ ಮೇಲೆ ಎಳೆದೊಯ್ಯುವುದು ಮಾತ್ರ ಬೇಡ. ಕ್ಯಾರವಾನನ್ನು ವಿಲ್ಪೆನಾದಲ್ಲಿ ನಿಲ್ಲಿಸಿ, ಬರೀ ಕಾರಿನಲ್ಲಿ ಹೋಗಿಬನ್ನಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ತೂಕದ ಫಲಕ. ಖಾಲಿ ತೂಕ 2,100 ಕೆ.ಜಿ., ಗರಿಷ್ಠ ಮಿತಿ 2,500 ಇದ್ದರೆ ಸಿಗುವುದು 400 ಕೆ.ಜಿ. 95 ಲೀಟರಿನ ಎರಡು ನೀರಿನ ಟ್ಯಾಂಕು ತುಂಬಿದರೆ 190 ಹೋಯಿತು, 9 ಕೆ.ಜಿ.ಯ ಎರಡು ಗ್ಯಾಸ್ ಸಿಲಿಂಡರಿಗೆ ಗ್ಯಾಸೊಂದೇ 18. ಉಳಿದ 192ರಲ್ಲಿ ಬಟ್ಟೆ, ಪಾತ್ರೆ, ಕುರ್ಚಿ, ಉಪಕರಣ ಎಲ್ಲವೂ ಬರಬೇಕು. ಕಾರಿಗೆ ಸಿಕ್ಕಿಸುವ ಕೊಕ್ಕೆಯ ಮೇಲಿನ ಭಾರ ಕ್ಯಾರವಾನಿನ ಒಟ್ಟು ತೂಕದ ಸುಮಾರು 10% ಇರಲಿ. ಟ್ಯಾಂಕುಗಳು ಆಕ್ಸಲ್‌ನ ಹಿಂದೆ ಮುಂದೆ ಇದ್ದರೆ ಹಿಂದಿನದನ್ನೇ ಮೊದಲು ಖಾಲಿ ಮಾಡಿ. ಮುಂದಿನದು ಬರಿದಾದರೆ ಕೊಕ್ಕೆ ಹಗುರಾಗಿ, ಗಂಟೆಗೆ 90 ಕಿ.ಮೀ. ಮೇಲೆ ಕ್ಯಾರವಾನ್ ಬಾಲ ಅಲ್ಲಾಡಿಸತೊಡಗುತ್ತದೆ.

ನಿಜವಾದ ಶತ್ರು ಧೂಳು. ಓಡುವಾಗ ಹಿಂಭಾಗದಲ್ಲಿ ಒತ್ತಡ ಕಡಿಮೆಯಾಗಿ, ಬಾಗಿಲ ಸಂದು, ಸಿಂಕಿನ ಪೈಪಿನ ತೂತು, ನೆಲದ ಬೋಲ್ಟುಗಳ ಸುತ್ತ ಎಲ್ಲಿ ದಾರಿ ಸಿಕ್ಕರೂ ಕೆಂಪು ಹಿಟ್ಟು ಒಳಗೆ ಬರುತ್ತದೆ. ಹಾಸಿಗೆಯ ಕೆಳಗಿನ ಖಾನೆ ತೆರೆದರೆ ಯಾವ ಸಂದಿನಿಂದ ಬಂತೆಂಬುದು ಗೆರೆ ಎಳೆದಂತೆ ಕಾಣುತ್ತದೆ, ಅಲ್ಲೇ ಸೀಲಂಟ್ ಹಾಕಿ. ಚಾವಣಿಯಲ್ಲಿ ಗಾಳಿ ಒಳಗೆ ನೂಕುವ ಹ್ಯಾಚ್ ಇದ್ದರೆ ಅದೊಂದನ್ನೇ ತೆರೆದಿಡಿ. ಒಳಗಿನ ಒತ್ತಡ ಏರಿ ಧೂಳು ಹೊರಗುಳಿಯುತ್ತದೆ. ಬಾಗಿಲ ಕೆಳಗಿನ ಕಿಂಡಿ ಗ್ಯಾಸ್ ಸುರಕ್ಷತೆಗಾಗಿ ಇಟ್ಟದ್ದು. ಓಡುವಾಗ ಅದನ್ನು ಮುಚ್ಚಿದ್ದರೆ, ಒಲೆ ಹಚ್ಚುವ ಮೊದಲು ತೆಗೆಯಲೇಬೇಕು.

ಕಚ್ಚಾ ರಸ್ತೆಯಲ್ಲಿ ಟೈರಿನ ಗಾಳಿಯನ್ನು 40ರಿಂದ 28–30 ಪಿಎಸ್‌ಐಗೆ ಇಳಿಸಿ, ವೇಗ 60 ಮೀರದಿರಲಿ. ಗಾಳಿ ಇಳಿಸದವರ ಅಲಮಾರಿಯ ಸ್ಕ್ರೂಗಳು ಸಾಲಾಗಿ ಸಡಿಲವಾಗುತ್ತವೆ, ಶಾಕ್ ಅಬ್ಸಾರ್ಬರ್ ಕಾದು ಎಣ್ಣೆ ಸೋರುತ್ತದೆ. ಟ್ಯಾಂಕಿನ ಕೆಳಗೆ ತೂಗುವ ಪ್ಲಾಸ್ಟಿಕ್ ಕೊಳಾಯಿ ಒಂದು ಕಲ್ಲೇಟಿಗೆ ಮುರಿದು ಅಷ್ಟೂ ನೀರು ಮಣ್ಣುಪಾಲು. ಅದಕ್ಕೊಂದು ಲೋಹದ ತಗಡು ಬಡಿಸಿಕೊಳ್ಳುವುದು ಅಗ್ಗದ ವಿಮೆ.

ಗ್ಯಾಸ್, 12 ವೋಲ್ಟ್, 240 ವೋಲ್ಟ್ ಮೂರರಲ್ಲೂ ಓಡುವ ಫ್ರಿಜ್ 35 ಡಿಗ್ರಿ ದಾಟಿದ ಮೇಲೆ ಹೆಣಗುತ್ತದೆ, ವಾಲಿ ನಿಂತರೆ ತಂಪೇ ಆಗದು. ಬೇಸಿಗೆಗೆ ಕಂಪ್ರೆಸರ್ ಫ್ರಿಜ್ಜೇ ಸರಿ, ಆದರೆ ಜೊತೆಗೆ ಲಿಥಿಯಂ ಬ್ಯಾಟರಿ ಬೇಕು. ನಮ್ಮವರಿಗೊಂದು ಕಿವಿಮಾತು: ಒಗ್ಗರಣೆಯನ್ನು ಹೊರಗಿನ ಒಲೆಯಲ್ಲೇ ಹಾಕಿ. ಒಳಗೆ ಒಣಮೆಣಸಿನಕಾಯಿ ಚಟಪಟ ಅಂದ ಕ್ಷಣ ಹೊಗೆ ಅಲಾರಂ ಕಿರುಚುತ್ತದೆ, ಇಂಗಿನ ವಾಸನೆ ಪರದೆಗಳಿಂದ ವಾರ ಕಳೆದರೂ ಬಿಡದು.

ಪಾಳುಕಟ್ಟಡ ನೋಡುವವರಿಗೆ ಕ್ವಾರ್ನ್–ಹಾಕರ್ ದಾರಿಯಲ್ಲೇ ಕನ್ಯಾಕಾ ಸಿಗುತ್ತದೆ. 1852ರಲ್ಲಿ ಹ್ಯೂ ಪ್ರೋಬಿ ಶುರುಮಾಡಿದ ದನಗಳ ಸ್ಟೇಷನ್ (ವಿಶಾಲ ಸಾಕಣೆ ಕೇಂದ್ರ) ಅದು. ಅದೇ ವರ್ಷ ವಿಲೋಚ್ರಾ ಹಳ್ಳದ ಪ್ರವಾಹದಲ್ಲಿ ಆತ ಮುಳುಗಿ ತೀರಿಹೋದ. ದಕ್ಷಿಣ ಆಸ್ಟ್ರೇಲಿಯಾದ ಸರ್ವೇಯರ್ ಜನರಲ್ (ಭೂಮಾಪನದ ಮುಖ್ಯಸ್ಥ) ಜಾರ್ಜ್ ಗಾಯ್ಡರ್ 1865ರಲ್ಲೇ ಇಲ್ಲಿಗಿಂತ ದಕ್ಷಿಣಕ್ಕೆ ನಕ್ಷೆಯ ಮೇಲೆ ಗೆರೆ ಎಳೆದು, ಅದರಾಚೆ ಉತ್ತರಕ್ಕೆ ಮಳೆ ನಂಬಲಾಗದೆಂದಿದ್ದ. ಗೆರೆ ದಾಟಿ ಗೋಧಿ ಬಿತ್ತಲು ಹೋದವರ ಊರುಗಳಲ್ಲಿ ಫರೀನಾ ಒಂದು. ಲಿಂಡ್‌ಹರ್ಸ್ಟ್‌ನಿಂದ 26 ಕಿ.ಮೀ. ಉತ್ತರಕ್ಕಿದೆ. ಅಲ್ಲಿನ ನೆಲಮಾಳಿಗೆಯ ಹಳೆಯ ಬೇಕರಿಯ ಒಲೆಯನ್ನು ಚಳಿಗಾಲದ ಕೆಲವು ವಾರ ಸ್ವಯಂಸೇವಕರು ಹಚ್ಚುತ್ತಾರೆ, ಹೋಗುವುದಾದರೆ ಆಗಲೇ ಹೋಗಿ.

ವ್ಹೀಲ್ ಬೇರಿಂಗ್‌ಗೆ ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ ಹೊಸ ಗ್ರೀಸ್ ಹಾಕಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 100 ಕಿ.ಮೀ. ಒಳಗೆ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಮಳೆ ಬಿದ್ದರೆ ಮಣ್ಣಿನ ರಸ್ತೆಗಳನ್ನು ಮುಚ್ಚುತ್ತಾರೆ, ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದಂಡ ಬೀಳುತ್ತದೆ. ಒದ್ದೆ ಜೇಡಿ ಬ್ರೇಕ್ ಡ್ರಮ್ಮಿನೊಳಗೆ ಒಣಗಿ ಕಲ್ಲಾಗುವ ಮೊದಲೇ ಚಕ್ರ ಬಿಚ್ಚಿ ತೊಳೆಸಿಬಿಡಿ.