ಮಂಡಿಪೇಟೆ ಗ್ರಂಥಿಗೆ ಅಂಗಡಿಯ ಹಿರಿಯರ ಹಬ್ಬದ ಸಾಮಾನು: ಯಾವುದು ಕೊಳ್ಳಬೇಕು, ಯಾವುದು ಬೇಡ

ದಾವಣಗೆರೆ ಮಂಡಿಪೇಟೆಯಲ್ಲಿ ಮಹಾಲಯ ಅಮಾವಾಸ್ಯೆಯ ಎಡೆಗೆ ಬೇಕಾದ ಒಣ ಸಾಮಾನೆಲ್ಲ ಒಂದೇ ಕಡೆ ಸಿಗುತ್ತದೆ. ಕಟ್ಟಿಟ್ಟ ಪ್ಯಾಕೆಟ್ ಮಾತ್ರ ಬೇಡ, ಬಿಡಿಯಾಗಿ ತೂಗಿಸಿ. ಕಪ್ಪು ಎಳ್ಳು 50 ಗ್ರಾಂ ಸಾಕು. ಒದ್ದೆ ಅಂಗೈಯಲ್ಲಿ ಉಜ್ಜಿ ನೋಡಿ, ಕಪ್ಪು ಗಾಢವಾಗಿ ಬಿಟ್ಟರೆ ಬಣ್ಣ ಹಾಕಿರುವ ಅನುಮಾನವಿದೆ.

ಲೋಬಾನ ಹರಳಿನದ್ದೇ ಕೇಳಿ. ಕಪ್ ಸಾಂಬ್ರಾಣಿಯಲ್ಲಿ ಇದ್ದಿಲ ಪುಡಿಯದೇ ಕಾರುಬಾರು: ಹೊಗೆ ಜಾಸ್ತಿ, ಪರಿಮಳ ಕಮ್ಮಿ. ಕೆಂಡದ ಮೇಲೆ ಬೂದಿ ಮುಸುಕಿದ ನಂತರ ಚಿಟಿಕೆ ಚಿಟಿಕೆಯಾಗಿ ಹಾಕಿ. ಉರಿಯಿದ್ದಾಗ ಹಾಕಿದರೆ ಹರಳು ಹೊತ್ತಿ ಬರೀ ಕಮಟು. ಕರ್ಪೂರ ಉರಿದ ತಟ್ಟೆಯಲ್ಲಿ ಜಿಡ್ಡು ಉಳಿದರೆ ಅದು ಶುದ್ಧವಲ್ಲ.

ಹೈಟಿ ದೇಶದ ವೋಡೂ ಧರ್ಮದ ಮನೆತನಗಳೂ ನವೆಂಬರ್ 1, 2ರಂದು ಗೆದೆ ಎಂಬ ಸತ್ತವರ ದೈವಗಳಿಗೆ ಕಪ್ಪು ಕಾಫಿ, ಮೆಣಸಿನಕಾಯಿ ನೆನೆಸಿದ ಮದ್ಯ ಇಡುತ್ತಾರೆ; ನೆಲದ ಮೇಲೆ ವೇವೇ ಎಂಬ ದೈವದ ರಂಗೋಲಿ ಬಿಡಿಸುವುದು ಮೆಕ್ಕೆಜೋಳದ ಹಿಟ್ಟಿನಲ್ಲಿ. ನಮ್ಮೂರಲ್ಲಿ ಮೆಕ್ಕೆಜೋಳಕ್ಕೇನು ಬರವಿಲ್ಲ ಬಿಡಿ!

ಬಾಳೆಎಲೆ ಇಲ್ಲಿಲ್ಲ, ಹೂವಿನ ಮಾರುಕಟ್ಟೆಗೇ ಹೋಗಬೇಕು.