ಹಕ್ಕಿಗೆ ಆರ್7, ಯಕ್ಷಗಾನದ ಆಟಕ್ಕೆ ಆರ್6: ಕ್ರಾಪ್ ಮತ್ತು ಫುಲ್ ಫ್ರೇಮ್ ಎರಡನ್ನೂ ಬಳಸಿ ನೋಡಿದ ಮೇಲೆ

ಹಗುರ ಕ್ಯಾಮೆರಾ ಬೇಕಿದ್ದರೆ ಕ್ರಾಪ್ ಸೆನ್ಸರಿನದು, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವುದು, ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಕ್ಯಾನನ್‌ನ ಎರಡು ಬಾಡಿಗಳನ್ನು, ಅಂದರೆ ಕ್ರಾಪ್ ಸೆನ್ಸರಿನ ಆರ್7 ಮತ್ತು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಆರ್6 ಮಾರ್ಕ್ 2 (ಇಲ್ಲಿ ಬರೀ ಆರ್6), ಬಳಸಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಅನಿಸಿದೆ. ಎರಡೂ 2022ರಲ್ಲಿ ಬಂದವು. ಬ್ಯಾಟರಿ, ಕಾರ್ಡ್ ಸೇರಿ ಆರ್7ರ ತೂಕ 612 ಗ್ರಾಂ, ಆರ್6ರದು 670. ಈ 58 ಗ್ರಾಂ ಕೈಗೆ ಗೊತ್ತೇ ಆಗುವುದಿಲ್ಲ. ಭಾರ ಇರುವುದು ಲೆನ್ಸಿನಲ್ಲಿ.

ಅದು ಚೆನ್ನಾಗಿ ತಿಳಿಯುವುದು ರಂಗನತಿಟ್ಟಿನ ದೋಣಿಯಲ್ಲಿ. ಅಲ್ಲಿ ಟ್ರೈಪಾಡ್ ನಡೆಯುವುದಿಲ್ಲ, ಹಕ್ಕಿಗೆ ಎಷ್ಟು ಹತ್ತಿರ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲೂ ಇಲ್ಲ. ಆರ್7ಕ್ಕೆ 635 ಗ್ರಾಂ ತೂಗುವ 100-400 ಎಂಎಂ ಜೂಮ್ ಲೆನ್ಸ್ ಹಾಕಿದರೆ, ಚಿಕ್ಕ ಸೆನ್ಸರ್ ನೋಟವನ್ನು 1.6 ಪಟ್ಟು ಬಿಗಿ ಮಾಡುವುದರಿಂದ, 640 ಎಂಎಂನಷ್ಟು ಬಿಗಿಯಾದ ಫ್ರೇಮ್ ಸಿಗುತ್ತದೆ. ಫುಲ್ ಫ್ರೇಮಿನಲ್ಲಿ ಅದೇ ಫ್ರೇಮ್ ಬೇಕೆಂದರೆ 200-800ರಂಥ ಲೆನ್ಸ್ ಬೇಕು, ಅದೊಂದೇ ಎರಡು ಕೆಜಿಗಿಂತ ಹೆಚ್ಚು. 100-400ನ್ನೇ ಆರ್6ಕ್ಕೆ ಹಾಕಿ ಆಮೇಲೆ ಕತ್ತರಿಸೋಣ ಅಂದರೆ, 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಒಂಬತ್ತೂವರೆಯಷ್ಟೇ. ಆರ್7 ಅದೇ ಜಾಗಕ್ಕೆ 32.5 ಕೊಡುತ್ತದೆ. ಬಂಡೆಯ ಮೇಲೆ ಕೂತ ಬಣ್ಣದ ಕೊಕ್ಕರೆಯ ರೆಕ್ಕೆಯಂಚಿನ ಗುಲಾಬಿ ಗರಿಗಳು ಎಳೆ ಎಳೆಯಾಗಿ ಬಿಡಿಸಿಕೊಂಡದ್ದು ಆರ್7ರಲ್ಲೇ.

ಹಾರುವ ಹಕ್ಕಿಗೆ ಮಾತ್ರ ಆರ್7ರ ಎಲೆಕ್ಟ್ರಾನಿಕ್ ಶಟರ್ ಬೇಡ. ಸೆನ್ಸರನ್ನು ಸಾಲು ಸಾಲಾಗಿ ಓದಿ ಮುಗಿಸುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಸೊಟ್ಟಗೆ ಬೀಳುತ್ತದೆ. ಆರ್6 ಸುಮಾರು ದುಪ್ಪಟ್ಟು ವೇಗದಲ್ಲಿ ಓದುತ್ತದೆ. ಆದರೆ ಆರ್7ರ ಮೆಕ್ಯಾನಿಕಲ್ ಶಟರ್ ಸೆಕೆಂಡಿಗೆ 15 ಫ್ರೇಮ್ ಕೊಡುತ್ತದೆ, ಅದು ಧಾರಾಳವಾಗಿ ಸಾಕು.

ಇನ್ನು ರಾತ್ರಿಯ ಬಯಲಾಟ, ಅಂದರೆ ಬಯಲಿನಲ್ಲಿ ಆಡುವ ಯಕ್ಷಗಾನ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೇಷಧಾರಿ ದಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ 1/500 ಸೆಕೆಂಡಿಗಿಂತ ನಿಧಾನದ ಶಟರ್ ಇಟ್ಟರೆ ಕೈಕಾಲು ಕಲಸಿಹೋಗುತ್ತವೆ. ರಂಗಸ್ಥಳದ ಬೆಳಕಿನಲ್ಲಿ ಅಷ್ಟು ವೇಗ ಬೇಕೆಂದರೆ ಲೆನ್ಸನ್ನು ಎಫ್2.8ರಷ್ಟು ಅಗಲ ತೆರೆದರೂ ಐಎಸ್ಒ (ಬೆಳಕಿಗೆ ಸೂಕ್ಷ್ಮತೆಯ ಮಟ್ಟ) 6400, ಕೆಲವೊಮ್ಮೆ ಇನ್ನೂ ಮೇಲೆ. ಫುಲ್ ಫ್ರೇಮಿನ ವಿಸ್ತೀರ್ಣ ಕ್ಯಾನನ್ ಕ್ರಾಪ್ ಸೆನ್ಸರಿನ ಎರಡೂವರೆ ಪಟ್ಟಿಗಿಂತ ಹೆಚ್ಚು, ಆದ್ದರಿಂದ ಒಂದು ಸ್ಟಾಪಿಗೂ, ಅಂದರೆ ಬೆಳಕಿನ ದುಪ್ಪಟ್ಟಿಗೂ, ಮೀರಿ ಲಾಭ. ಆರ್6ರ 6400 ನೋಡಲು ಆರ್7ರ 2500ರ ಹಾಗಿರುತ್ತದೆ. ಹೆಚ್ಚಿನ ಐಎಸ್ಒದಲ್ಲಿ ಚಿತ್ರದ ಮೇಲೆ ಕಾಳು ಕಾಳಾಗಿ ಬೀಳುವ ನಾಯ್ಸನ್ನು ಕಂಪ್ಯೂಟರಿನಲ್ಲಿ ತೆಗೆದರಾಯಿತು ಅನ್ನುವವರಿದ್ದಾರೆ. ತೆಗೆಯಬಹುದು, ಆದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿಯ, ಅಂದರೆ ಹಿಟ್ಟಿನ ಬಿಳಿ ಅಲಂಕಾರದ, ಮುಳ್ಳುಗಳು ನಾಯ್ಸ್ ಜೊತೆಗೇ ಸವೆದು ನುಣ್ಣಗಾಗುತ್ತವೆ. ಕಲಾವಿದನ ಅಷ್ಟು ಶ್ರಮವನ್ನು ಅಳಿಸಿಹಾಕುವ ಚಿತ್ರ ನನಗೆ ಬೇಡ. ಆರ್6ರಲ್ಲಿ ಆ ಮುಳ್ಳುಗಳೂ ಕಪ್ಪು ದಗಲೆಯ (ವೇಷದ ಅಂಗಿಯ) ಮಡಿಕೆಗಳೂ ಹಾಗೇ ಉಳಿಯುತ್ತವೆ. ಇನ್ನೊಂದು ತೊಂದರೆ: ಮುಂದಿನ ಸಾಲಿನಲ್ಲಿ ಕೂತು 85 ಎಂಎಂ ಹಾಕಿದರೆ ಆರ್7ರ ಫ್ರೇಮಿನಲ್ಲಿ ಕಿರೀಟವೋ ಕೈಯೋ ಹೊರಗೆ ಹೋಗುತ್ತದೆ. ಹಿಂದೆ ಸರಿಯೋಣ ಅಂದರೆ ಜನ.

ಬ್ಯಾಟರಿ ಎರಡಕ್ಕೂ ಒಂದೇ, ಎರಡರಲ್ಲೂ ಎರಡೆರಡು ಕಾರ್ಡ್ ಸ್ಲಾಟ್ ಇವೆ. ಬೆಲೆಯಲ್ಲಿ ಆರ್7 ಸಾಕಷ್ಟು ಕಡಿಮೆ, ಉಳಿದ ದುಡ್ಡಿಗೆ ಒಳ್ಳೆಯ ಲೆನ್ಸೊಂದು ಬರುತ್ತದೆ.

ಹಕ್ಕಿಯೇ ನಿಮ್ಮ ಹುಚ್ಚಾದರೆ ಎರಡನೇ ಯೋಚನೆ ಬೇಡ, ಆರ್7 ಮತ್ತು 100-400. ನಾನು ಇಟ್ಟುಕೊಂಡದ್ದು ಆರ್6. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆವರೆಗೂ ನನ್ನ ರಾತ್ರಿಗಳು ಅಲ್ಲೇ ಕಳೆಯುತ್ತವೆ. ಕೊಕ್ಕರೆ ಗೂಡು ಕಟ್ಟುವ ಕಾಲಕ್ಕೆ ಆರ್7 ಬಾಡಿಗೆಗೆ ತರುತ್ತೇನೆ.