ಮಹಿಳಾ ಲ್ಯಾಕ್ರಾಸ್ ಕೋಚಿಂಗ್ ಬೋರ್ಡ್: ಗೋಲಿನ ಹಿಂದೆ ಜಾಗ ಸಾಲದು
ಬಲೆಯಿರುವ ಕೋಲಿನಿಂದ ಚೆಂಡಾಡುವ ಲ್ಯಾಕ್ರಾಸ್‌ನ ತಂತ್ರ ವಿವರಿಸಲು ಅಮೆರಿಕದ ಕಾಲೇಜು ಅಂಕಣ ಮುದ್ರಿಸಿದ ಬೋರ್ಡ್ ಇದು. ತಂಡಕ್ಕೆ 12 ಕಾಂತಬಿಲ್ಲೆ, ಗೋಲ್‌ಕೀಪರ್ ಕೂಡ ಸೇರಿ. ಗೋಲಿನ ಮುಂದಿನ 8 ಮೀಟರ್ ಆರ್ಕ್ (ಒಳಕಮಾನು), 12 ಮೀಟರ್ ಫ್ಯಾನ್ (ಹೊರಕಮಾನು) ಎರಡನ್ನೂ ಒಂದೇ ಕಪ್ಪು ಗೆರೆಯಲ್ಲಿ ಮುದ್ರಿಸಿದ್ದಾರೆ, ಇದು ದೊಡ್ಡ ಎಡವಟ್ಟು. ಡಿಫೆಂಡರ್ ಎದುರಾಳಿಯಿಂದ ಒಂದು ಕೋಲಿನಳತೆಗಿಂತ ದೂರದಲ್ಲಿ 3 ಸೆಕೆಂಡು ಮೀರಿ ನಿಂತರೆ ಫೌಲ್ ಆಗುವುದು ಆರ್ಕ್ ಒಳಗೇ. ಆರ್ಕ್ ಬೇರೆಯಾಗಿ ಕಾಣುವಂತೆ ಕೆಂಪು ಮಾರ್ಕರ್‌ನಲ್ಲಿ ತಿದ್ದಿಕೊಳ್ಳಿ.

ಗೋಲಿನತ್ತ ಹೋಗುವವರ ಸಂಖ್ಯೆಗೆ ಮಿತಿ ಹಾಕುವ ಅಡ್ಡಗೆರೆ, ರಿಸ್ಟ್ರೇನಿಂಗ್ ಲೈನ್, ಸ್ಪಷ್ಟವಾಗಿದೆ. ದಾಳಿಗೆ 7 ಮಂದಿ, ರಕ್ಷಣೆಗೆ ಗೋಲ್‌ಕೀಪರ್ ಸೇರಿ 8 ಮಂದಿ ಮಾತ್ರ ಅದನ್ನು ದಾಟಬಹುದು. ಮಿಡ್‌ಫೀಲ್ಡರ್ ಮುನ್ನುಗ್ಗಿದಾಗ ಯಾರು ಹಿಂದುಳಿಯಬೇಕೆಂದು ಬಿಲ್ಲೆ ಸರಿಸಿದೊಡನೆ ತಿಳಿಯುತ್ತದೆ.

ಗೋಲಿನ ಹಿಂಬದಿ ತೀರಾ ಇಕ್ಕಟ್ಟು. ಅಲ್ಲಿಂದ ಫೀಡ್ ಮಾಡುವ (ಗೋಲು ಹೊಡೆಯುವವರಿಗೆ ಚೆಂಡು ಕೊಡುವ) ಅಟ್ಯಾಕರ್‌ಳ ಬಿಲ್ಲೆ ಅಂಚಿನಿಂದ ಜಾರಿ ಬೀಳುತ್ತದೆ. ಲ್ಯಾಕ್ರಾಸ್‌ನ ಕಿರು ರೂಪವಾದ ಸಿಕ್ಸಸ್ ಆಡಿಸುವವರು ಕೊಳ್ಳಬೇಡಿ: ಅದು 70×36 ಮೀಟರಿನ ಅಂಕಣ, ತಂಡಕ್ಕೆ 6 ಮಂದಿ.